ಬೋಗುಣಿಯ ಮುಖ ದೇವರದ್ದೇ ಆಗಬೇಕೆ?

ಮಣ್ಣಿನ ಪಾತ್ರೆಯ ಮೇಲೆ ಎರಡು ಕಣ್ಣು, ಒಂದು ಮೂಗು ಕಂಡರೆ ಸಾಕು, ವಸ್ತುಸಂಗ್ರಹಾಲಯಗಳ ಫಲಕದಲ್ಲಿ 'ಪೂಜಾವಿಧಿಗೆ ಬಳಸುತ್ತಿದ್ದ ಪಾತ್ರೆ' ಎಂಬ ಸಾಲು ಬಂದು ಕೂರುತ್ತದೆ. ಅದೇ ಕಾಲದ, ಅದೇ ಮಣ್ಣಿನ, ಅದೇ ಗುಂಡಿಯಲ್ಲಿ ಸಿಕ್ಕ ಬೋಳು ಗಡಿಗೆಗೆ 'ಅಡುಗೆಯ ಪಾತ್ರೆ' ಎಂಬ ಪಟ್ಟ. ನವಶಿಲಾಯುಗದ ಬಗ್ಗೆ ಓದುವ ಹವ್ಯಾಸವಿರುವವರಿಗೆ ಈ ವಿಂಗಡಣೆ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಪ್ರಶ್ನಿಸುವುದೇ ಅವಿನಯ ಅನ್ನಿಸಬಹುದು. ಆದರೂ ಒಂದು ತಕರಾರು ಎತ್ತುತ್ತೇನೆ. ಆ ಕಾಲದ ಜನರಿಗೆ ವಿಧಿ, ಆಚರಣೆಗಳಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ಅದಕ್ಕೆ ನಾವು ಒದಗಿಸುವ ಸಾಕ್ಷಿಯ ಮೇಲೆ. ವಿಧಿ ನಡೆದದ್ದನ್ನು ತೋರಿಸುವುದು ಪಾತ್ರೆಯನ್ನು ಏನು ಮಾಡಿದರು ಎಂಬ ಸಂಗತಿ. ಪಾತ್ರೆಯ ಮೇಲೆ ಏನು ಬರೆದರು ಎಂಬುದು ಆಮೇಲಿನ ಮಾತು. ನಮ್ಮ ವಿದ್ವಾಂಸರು ಬಹಳ ಸಲ ಎರಡನೆಯದರಿಂದಲೇ ಶುರುಮಾಡುತ್ತಾರೆ.

ಈ ತಕರಾರನ್ನು ಒರೆಗೆ ಹಚ್ಚಲು ಚೀನಾದ ಬಾನ್ಪೊಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಷಿಯಾನ್ ನಗರದ ಪೂರ್ವಕ್ಕಿರುವ ಈ ನೆಲೆ 1953ರಲ್ಲಿ ವಿದ್ಯುತ್ ಸ್ಥಾವರದ ಕೆಲಸ ನಡೆಯುವಾಗ ಹೊರಬಿತ್ತು. 1954ರಿಂದ 1957ರವರೆಗೆ ಶಿ ಶಿಂಗ್‌ಬಾಂಗ್ ಅವರ ನೇತೃತ್ವದಲ್ಲಿ ಸುಮಾರು 10,000 ಚದರ ಮೀಟರ್ ಅಗೆದರು. ಸಿಕ್ಕಿದ್ದು ಯಾಂಗ್‌ಶಾವ್ ಸಂಸ್ಕೃತಿಯ ಒಂದು ಇಡೀ ಹಳ್ಳಿ. ಅರ್ಧ ನೆಲದೊಳಗೆ ಇಳಿದ ಮನೆಗಳು, ಸುತ್ತ ಆಳವಾದ ಕಂದಕ, ಕಂದಕದಾಚೆ ದೊಡ್ಡವರ ಸ್ಮಶಾನ, ಒಂದು ಮಗ್ಗುಲಲ್ಲಿ ಮಡಕೆ ಸುಡುವ ಗೂಡುಗಳು. ನವಣೆ ಬೆಳೆಯುತ್ತ, ಹಂದಿ ನಾಯಿ ಸಾಕುತ್ತ, ನದಿಯಲ್ಲಿ ಮೀನು ಹಿಡಿಯುತ್ತ ಆರೂವರೆ ಸಾವಿರ ವರ್ಷಗಳಷ್ಟು ಹಿಂದೆ ಬದುಕಿದ್ದ ಜನ. ಅಗೆದ ನೆಲದ ಮೇಲೆಯೇ ಚಾವಣಿ ಹಾಕಿ 1958ರಲ್ಲಿ ವಸ್ತುಸಂಗ್ರಹಾಲಯ ತೆರೆದರು.

ಇಲ್ಲಿ 1955ರಲ್ಲಿ ಸಿಕ್ಕ ಒಂದು ಬೋಗುಣಿ ಈಗ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಯವಾದ ಕೆಂಪು ಮಣ್ಣು, ಬಾಯಿಯ ಅಗಲ ಸುಮಾರು 40 ಸೆಂಟಿಮೀಟರ್, ಎತ್ತರ ಅದರ ಅರ್ಧಕ್ಕಿಂತ ಕಡಿಮೆ. ಒಳಮೈಯಲ್ಲಿ ಕಪ್ಪು ಬಣ್ಣದಿಂದ ಎದುರುಬದುರಾಗಿ ಎರಡು ಮುಖ, ಅವುಗಳ ನಡುವೆ ಎರಡು ಮೀನು. ಮುಖ ದುಂಡಗೆ. ಕಣ್ಣು ತೆಳ್ಳನೆಯ ಗೆರೆಗಳು, ಮುಚ್ಚಿದ ಹಾಗೆ. ಹಣೆಗೆ ಒಂದು ಪಾರ್ಶ್ವದಲ್ಲಿ ಕಪ್ಪು ಬಳಿದಿದೆ. ಬಾಯಿಯ ಎರಡೂ ಕಡೆ ಮೀನು, ಕಿವಿಯ ಹತ್ತಿರವೂ ಮೀನು, ತಲೆಯ ಮೇಲೆ ಚೂಪಾದ ಟೊಪ್ಪಿಗೆಯೋ ತುರುಬೋ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಈ ಬೋಗುಣಿ ಸಿಕ್ಕಿದ್ದು ಅಡುಗೆಮನೆಯಲ್ಲೂ ಅಲ್ಲ, ದೇವರಗೂಡಿನಲ್ಲೂ ಅಲ್ಲ. ಸತ್ತ ಮಗುವನ್ನು ಇಟ್ಟ ಗಡಿಗೆಗೆ ಅದು ಮುಚ್ಚಳವಾಗಿತ್ತು.

ಬಾನ್ಪೊದಲ್ಲಿ ದೊಡ್ಡವರನ್ನು ಊರಾಚೆ ಹೂಳುತ್ತಿದ್ದರು. ಮಕ್ಕಳನ್ನು ಮನೆಗಳ ಪಕ್ಕದಲ್ಲೇ, ದೊಡ್ಡ ಗಡಿಗೆಯೊಳಗೆ ಇಟ್ಟು, ಮೇಲೆ ಬಟ್ಟಲನ್ನೋ ಬೋಗುಣಿಯನ್ನೋ ಬೋರಲು ಹಾಕಿ ಹೂಳುತ್ತಿದ್ದರು. ಇಂಥ 73 ಗಡಿಗೆಗಳು ಸಿಕ್ಕಿವೆ. ಮುಚ್ಚಳಗಳ ತಳದಲ್ಲಿ ಅಲ್ಲಲ್ಲಿ ಒಂದು ಸಣ್ಣ ತೂತೂ ಇದೆ. ಇಷ್ಟು ಕಣ್ಣಿಗೆ ಕಂಡ ಸಂಗತಿ. ಇಲ್ಲೊಂದು ವಿಧಿ ನಡೆದಿತ್ತು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚು ಬೇಡ. ಮಗು ಸತ್ತರೆ ಹೀಗೆ ಮಾಡಬೇಕು ಎಂದು ಊರಿಗೆ ಊರೇ ಒಪ್ಪಿಕೊಂಡಿತ್ತು, ತಲೆಮಾರುಗಳ ಕಾಲ ಹಾಗೇ ಮಾಡಿತು.

ಆದರೆ ಚರ್ಚೆ ಇಲ್ಲಿಗೆ ನಿಲ್ಲಲಿಲ್ಲ. ಆ ಮುಖ ಯಾರದು ಎಂಬ ಪ್ರಶ್ನೆಗೆ ಎಪ್ಪತ್ತು ವರ್ಷಗಳಿಂದ ಉತ್ತರಗಳ ಸುರಿಮಳೆ. ಮೀನು ಆ ಕುಲದ ಚಿಹ್ನೆ, ಮುಖ ಕುಲದ ಮೂಲಪುರುಷನದ್ದು ಎಂದರು ಕೆಲವರು. ಮೀನಿನ ಹೊಟ್ಟೆ ತುಂಬ ಮೊಟ್ಟೆ, ಆದ್ದರಿಂದ ಇದು ಸಂತಾನದ ಪ್ರಾರ್ಥನೆ ಎಂದರು ಇನ್ನು ಕೆಲವರು. ಬಲೆಗೆ ಮೀನು ಬೀಳಲೆಂದು ಮಾಡಿದ ಮಾಟ, ಕುಣಿತದ ಮುಖವಾಡ, ಚಂದ್ರನ ವೃದ್ಧಿ ಕ್ಷಯ, ಎಲ್ಲವೂ ಬಂದವು. ಹಾರ್ವರ್ಡಿನಲ್ಲಿದ್ದ ದೊಡ್ಡ ವಿದ್ವಾಂಸ ಕೆ. ಸಿ. ಚಾಂಗ್ ಅವರ ದೃಷ್ಟಿಯಲ್ಲಿ ಅದು ಮೈಮೇಲೆ ದೇವರು ಬರಿಸಿಕೊಂಡು ಲೋಕದಿಂದ ಲೋಕಕ್ಕೆ ಹೋಗಿಬರುವ ಮಂತ್ರವಾದಿಯ ಮುಖ. ತಳದ ತೂತು ಮಗುವಿನ ಆತ್ಮ ಓಡಾಡುವ ಬಾಗಿಲು ಎಂಬುದನ್ನಂತೂ ಈಗ ಯಾರೂ ಊಹೆ ಎಂದು ಹೇಳುವುದೇ ಇಲ್ಲ. ಬೋಗುಣಿಯ ಅಳತೆ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ.

ಈ ಉತ್ತರಗಳಲ್ಲಿ ಒಂದು ನಿಜವಿರಲೂಬಹುದು. ನನ್ನನ್ನು ಕಾಡುವುದು ಬೇರೆ ಸಂಗತಿ: ಇವುಗಳಲ್ಲಿ ಯಾವುದು ಸುಳ್ಳಾದರೂ ಅದು ಸುಳ್ಳು ಎಂದು ಗೊತ್ತಾಗುವ ದಾರಿ ಯಾವುದು? ಕಿವಿಯ ಹತ್ತಿರ ಮೀನು ಏಕೆ ಎಂದು ವಿವರಿಸಲು ಕೆಲವರು 'ಶಾನ್ ಹಾಯ್ ಜಿಂಗ್' ಎಂಬ ಪ್ರಾಚೀನ ಚೀನೀ ಗ್ರಂಥವನ್ನು ತೆರೆಯುತ್ತಾರೆ. ಅದರಲ್ಲಿ ಕಿವಿಗೆ ಹಾವು ತೊಟ್ಟ ದೇವತೆಗಳು ಬರುತ್ತಾರೆ. ಸರಿ, ಆದರೆ ಆ ಗ್ರಂಥಕ್ಕೂ ಬೋಗುಣಿಗೂ ನಡುವೆ ಸುಮಾರು ನಾಲ್ಕು ಸಾವಿರ ವರ್ಷ. ನಮ್ಮಿಂದ ಹರಪ್ಪಕ್ಕೆ ಇರುವಷ್ಟು ದೂರ. ಇಷ್ಟು ದೂರದಿಂದ ಒಂದು ಹೋಲಿಕೆ ತಂದು ಅದನ್ನು ಅರ್ಥ ಎಂದು ಕರೆಯಬಹುದಾದರೆ, ಯಾವುದಕ್ಕೆ ಯಾವುದನ್ನು ಬೇಕಾದರೂ ಅರ್ಥ ಮಾಡಬಹುದು.

ಕೈಗೆ ಸಿಕ್ಕ ಸಂಗತಿಗಳೇ ಕೇಳುವ ಪ್ರಶ್ನೆಗಳನ್ನು ಗಮನಿಸಿ. 73 ಗಡಿಗೆಗಳಲ್ಲಿ ಮುಖದ ಬೋಗುಣಿ ಮುಚ್ಚಿದ್ದು ಬೆರಳೆಣಿಕೆಯಷ್ಟಕ್ಕೆ ಮಾತ್ರ. ಉಳಿದ ಬಹುಪಾಲು ಮಕ್ಕಳ ಮೇಲೆ ಮುಖವಿಲ್ಲದ ಸಾದಾ ಪಾತ್ರೆ. ಆ ಮುಖ ಆತ್ಮಕ್ಕೆ ದಾರಿ ತೋರುವ ಮಂತ್ರವಾದಿಯದ್ದಾದರೆ ಉಳಿದ ಮಕ್ಕಳ ಆತ್ಮಗಳು ಏನು ಮಾಡಿದವು? ಮುಖವಿದ್ದವು ವಿಶೇಷ ಮನೆತನದ ಮಕ್ಕಳದ್ದಾಗಿರಬಹುದು ಎಂಬ ಸಮಾಧಾನ ಹೇಳಬಹುದು. ಅದು ಒಳ್ಳೆಯ ಊಹೆ, ಏಕೆಂದರೆ ಪರೀಕ್ಷಿಸಬಹುದಾದದ್ದು. ಆ ಗಡಿಗೆಗಳು ಊರಿನ ಒಂದೇ ಕಡೆ ಗುಂಪಾಗಿವೆಯೇ, ಅವುಗಳ ಜೊತೆ ಬೇರೆ ವಸ್ತುಗಳಿವೆಯೇ ಎಂದು ನೋಡಬಹುದು. ಆತ್ಮದ ಮಾತಿಗೆ ಅಂಥ ಪರೀಕ್ಷೆಯಿಲ್ಲ.

ಇನ್ನೊಂದು ವಿಷಯ. ಚಿತ್ರ ಇರುವುದು ಬೋಗುಣಿಯ ಒಳಮೈಯಲ್ಲಿ. ನೆಲದ ಮೇಲಿಟ್ಟ ಬೋಗುಣಿಯೊಳಗೆ ಬಗ್ಗಿ ನೋಡುವವರಿಗೆ ಕಾಣಲೆಂದು ಬರೆದ ಹಾಗಿದೆ. ನೀರು ತುಂಬಿದರೆ ಮೀನು ನೀರಿನೊಳಗೆ. ಗಡಿಗೆಯ ಮೇಲೆ ಬೋರಲು ಹಾಕಿದ ಕ್ಷಣದಿಂದ ಆ ಚಿತ್ರ ಹೊರಗಿರುವ ಯಾರಿಗೂ ಕಾಣಿಸದು, ಒಳಗಿರುವ ಕೂಸಿನ ಕಡೆಗೆ ತಿರುಗಿರುತ್ತದೆ. ಹಾಗಾದರೆ ಎರಡು ಸಾಧ್ಯತೆ. ಸಾವಿಗೆಂದೇ, ಕೂಸು ನೋಡಲೆಂದೇ ಬರೆದದ್ದು ಎಂಬುದು ಒಂದು. ಮನೆಯಲ್ಲಿ ದಿನವೂ ಬಳಸುತ್ತಿದ್ದ ಬೋಗುಣಿಯನ್ನು, ಬಹುಶಃ ಆ ಮಗುವೂ ಕೈಯಿಟ್ಟು ಉಂಡ ಬೋಗುಣಿಯನ್ನು, ಅದರ ಜೊತೆಗೇ ಕಳಿಸಿಕೊಟ್ಟರು ಎಂಬುದು ಇನ್ನೊಂದು. ಮೊದಲನೆಯದಾದರೆ ಮುಖಕ್ಕೂ ಸಾವಿಗೂ ನೇರ ಸಂಬಂಧ. ಎರಡನೆಯದಾದರೆ ವಿಧಿ ಇರುವುದು ಬೋಗುಣಿಯನ್ನು ಬೋರಲು ಹಾಕಿದ ಕೈಯಲ್ಲಿ. ಮುಖ ಅದಕ್ಕೂ ಮುಂಚಿನ, ಬೇರೆ ಯಾವುದೋ ಸಂತೋಷದ ಕಥೆಗೆ ಸೇರಿದ್ದು. ಎರಡರ ನಡುವೆ ತೀರ್ಮಾನ ಮಾಡಲು ಪುರಾಣ ಬೇಕಿಲ್ಲ. ಒಳಮೈಯಲ್ಲಿ ಬಳಕೆಯ ಗೀರುಗಳಿವೆಯೇ? ಆ ತೂತು ಹಸಿ ಮಣ್ಣಿನಲ್ಲಿ ಕೊರೆದದ್ದೋ, ಸುಟ್ಟ ಮೇಲೆ ಕುಟ್ಟಿ ತೆಗೆದದ್ದೋ? ಹಸಿಯಲ್ಲಿ ಕೊರೆದಿದ್ದರೆ ಸಾವಿಗೆಂದೇ ಮಾಡಿದ್ದು. ಆಮೇಲೆ ಕುಟ್ಟಿದ್ದರೆ ಆ ಪಾತ್ರೆಗೆ ಅದಕ್ಕಿಂತ ಮುಂಚೆ ಒಂದು ಬದುಕಿತ್ತು. ಅಂಚಿನ ಆಕಾರ ನೋಡಿ ಇದನ್ನು ಹೇಳಬಲ್ಲವರಿದ್ದಾರೆ. ಮಂತ್ರವಾದಿಯ ಮಾತು ಆಡುವ ಮೊದಲು ಈ ಪ್ರಶ್ನೆ ಕೇಳುವುದು ನ್ಯಾಯ.

ಬಾನ್ಪೊದ ಮಟ್ಟಿಗೆ ಇನ್ನೊಂದು ಗಟ್ಟಿಯಾದ ಕಥೆಯೂ ಇತ್ತು. ಇದು ಮಾತೃವಂಶದ ಸಮಾಜ, ಹೆಂಗಸರೇ ಕುಲದ ಹಿರಿಯರು, ಮೀನು ಮತ್ತು ಮುಖ ಎರಡೂ ಆ ವ್ಯವಸ್ಥೆಯ ಕುರುಹುಗಳು ಎಂದು ದಶಕಗಳ ಕಾಲ ಅಲ್ಲಿ ಹೇಳಲಾಯಿತು. ಅದು ಬಂದದ್ದು ಬೋಗುಣಿಯೊಳಗಿಂದಲ್ಲ. 1877ರಲ್ಲಿ ಮಾರ್ಗನ್ ಬರೆದ, 1884ರಲ್ಲಿ ಎಂಗೆಲ್ಸ್ ಎತ್ತಿಕೊಂಡ ಸಮಾಜ ವಿಕಾಸದ ಮೆಟ್ಟಿಲುಗಳ ಪಟ್ಟಿಯಿಂದ ಬಂದದ್ದು. ಪಟ್ಟಿಯಲ್ಲಿ ಆ ಮೆಟ್ಟಿಲು ಇದ್ದುದರಿಂದ ಬಾನ್ಪೊ ಅದರ ಮೇಲೆ ನಿಲ್ಲಬೇಕಾಯಿತು. ಹೆನಾನ್ ಪ್ರಾಂತ್ಯದ ಯಾನ್‌ಕುನ್‌ನಲ್ಲಿ 1978ರಲ್ಲಿ ಸಿಕ್ಕ ಇನ್ನೊಂದು ಯಾಂಗ್‌ಶಾವ್ ಶವಗಡಿಗೆಯ ಮೇಲೆ ಕೊಕ್ಕರೆ, ಅದರ ಕೊಕ್ಕಿನಲ್ಲಿ ಮೀನು, ಪಕ್ಕದಲ್ಲಿ ಕಲ್ಲಿನ ಕೊಡಲಿ ಇವೆ. ಹಿರಿಯ ವಿದ್ವಾಂಸ ಯಾನ್ ವೆನ್‌ಮಿಂಗ್ ಅದನ್ನು ಕೊಕ್ಕರೆ ಕುಲ ಮೀನು ಕುಲವನ್ನು ಯುದ್ಧದಲ್ಲಿ ಸೋಲಿಸಿದ ಕಥೆಯಾಗಿ ಓದಿದರು. ಓದು ಚೆಂದವಾಗಿದೆ, ಒಪ್ಪುತ್ತೇನೆ. ಕೊಕ್ಕರೆ ಮೀನು ತಿನ್ನುತ್ತದೆ ಎಂಬ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಿತ್ತು.

ಎಲ್ಲರಿಗೂ ಗೊತ್ತಿದ್ದ ಕಥೆ ಹೇಗೆ ಕುಸಿಯುತ್ತದೆ ಎಂಬುದಕ್ಕೆ ಉದಾಹರಣೆ ಅದೇ ಬಾನ್ಪೊದ ಇನ್ನೊಂದು ಪಾತ್ರೆ. ಯಾಂಗ್‌ಶಾವ್ ಜನ ಚೂಪು ತಳದ, ಎರಡು ಕಿವಿಯ ಹೂಜಿ ಮಾಡುತ್ತಿದ್ದರು. ಹಗ್ಗ ಕಟ್ಟಿ ನದಿಗೆ ಬಿಟ್ಟರೆ ಖಾಲಿ ಹೂಜಿ ತಾನೇ ವಾಲಿ ನೀರು ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ತಾನೇ ನೆಟ್ಟಗಾಗುತ್ತದೆ, ಆದಿಮಾನವನ ಭೌತಶಾಸ್ತ್ರ ನೋಡಿ ಎಂದು ಚೀನಾದ ಮಕ್ಕಳು ಪಾಠದಲ್ಲಿ ಓದುತ್ತಿದ್ದರು. ಪ್ರತಿಕೃತಿ ಮಾಡಿ ನೀರಿಗೆ ಇಳಿಸಿದವರಿಗೆ ಬಹಳಷ್ಟು ಹೂಜಿಗಳು ಹಾಗೆ ನಡೆದುಕೊಳ್ಳಲಿಲ್ಲ. ಆಮೇಲೆ ಹೂಜಿಗಳ ಒಳಗೋಡೆಗೆ ಅಂಟಿದ ಪಿಷ್ಟದ ಕಣಗಳನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಷಿಯಾನ್ ಬಳಿಯ ಮಿಜಿಯಾಯಾ ನೆಲೆಯ ಸುಮಾರು 5,000 ವರ್ಷ ಹಳೆಯ ಪಾತ್ರೆಗಳ ಬಗ್ಗೆ 2016ರಲ್ಲಿ ವರದಿ ಬಂತು: ಬರಗು, ಬಾರ್ಲಿ ಮುಂತಾದವುಗಳಿಂದ ಬಿಯರ್ ಮಾಡಿದ ಕುರುಹು. ಜಾಣ ನೀರಿನ ಹೂಜಿ ಹೆಂಡದ ಹೂಜಿಯಾಯಿತು. ಗಮನಿಸಬೇಕಾದ್ದು ಏನೆಂದರೆ, ಆ ಹೂಜಿಯ ಮೇಲೆ ಯಾವ ಮುಖವೂ ಇಲ್ಲ. ಆದರೆ ಊರೆಲ್ಲ ಕೂತು ಕುಡಿಯುವ ಕೂಟ ಯಾವ ಸಮಾಜದಲ್ಲೂ ವಿಧಿಯಿಲ್ಲದೆ ನಡೆಯುವಂಥದ್ದಲ್ಲ. ಮುಖವಿದ್ದ ಪಾತ್ರೆಗೆ ದೇವರ ಪಟ್ಟ ಕೊಟ್ಟು, ಮುಖವಿಲ್ಲದ ಪಾತ್ರೆಯನ್ನು ನೀರು ಹೊರಲು ಕಳಿಸಿದ್ದೆವು.

ಮುಖದ ಪಾತ್ರೆಗಳಲ್ಲಿ ಅತಿ ಪ್ರಸಿದ್ಧವಾದ ಕೆಲವು ಎಲ್ಲಿ ಹೇಗೆ ಸಿಕ್ಕವು ಎಂದು ನೋಡಿದರೂ ಸಂಕೋಚವಾಗುತ್ತದೆ. ಗಾನ್ಸು ಪ್ರಾಂತ್ಯದ ದಾದಿವಾನ್‌ನ ಹೂಜಿಯ ಬಾಯಿ ಒಂದು ಹೆಣ್ಣಿನ ತಲೆ; ಹಣೆಗೆ ನೇರವಾಗಿ ಕತ್ತರಿಸಿದ ಕೂದಲು, ಓಲೆ ಹಾಕಲು ತೂತಿರುವ ಕಿವಿ. ಗರ್ಭಿಣಿ ಮಾತೃದೇವತೆ ಎಂದೇ ಅದರ ಖ್ಯಾತಿ. ಆದರೆ ಅದು ಕೈಗೆ ಬಂದದ್ದು 1973ರಲ್ಲಿ, ಅಲ್ಲಿ ಕ್ರಮಬದ್ಧ ಉತ್ಖನನ ಶುರುವಾದದ್ದು 1978ರಲ್ಲಿ. ಸ್ವೀಡನ್ನಿನ ಆಂಡರ್ಸನ್ 1920ರ ದಶಕದಲ್ಲಿ ಗಾನ್ಸುವಿನಿಂದ ತಂದ, ಮನುಷ್ಯನ ತಲೆಯ ಆಕಾರದ ಬಾನ್‌ಶಾನ್ ಮುಚ್ಚಳಗಳು ಸ್ಟಾಕ್‌ಹೋಮಿನಲ್ಲಿವೆ. ಆ ಸಂಗ್ರಹದ ಬಹಳಷ್ಟು ಮಡಕೆಗಳನ್ನು ಅವರು ಹಣ ಕೊಟ್ಟು ಕೊಂಡಿದ್ದರು. ವಸ್ತು ಯಾವ ಮೂಲೆಯಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬ ಮಾಹಿತಿ ಕಳೆದುಹೋದಲ್ಲೇ ಅರ್ಥದ ಮಾತು ಅತ್ಯಂತ ಧಾರಾಳವಾಗಿ ಹರಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ತುರ್ಕಿಯ ಚಾತಾಲ್‌ಹೊಯೂಕ್‌ನಲ್ಲಿ ಎರಡು ಕಡೆ ಮನುಷ್ಯನ ಮುಖ, ಎರಡು ಕಡೆ ಗೂಳಿಯ ತಲೆ ಇರುವ ಅಪರೂಪದ ಗಡಿಗೆ ಸಿಕ್ಕಿತು. ಎಲ್ಲಿ? ತಿಪ್ಪೆಯಲ್ಲಿ, ಚೂರುಚೂರಾಗಿ. ಒಡೆದ ಮೇಲೆ ಅದನ್ನು ಉಳಿದ ಕಸದ ಜೊತೆಯೇ ಎಸೆದಿದ್ದರು. ಆ ತಿಪ್ಪೆಯೂ ಒಂದು ಸಾಕ್ಷಿಯೇ.

ಈ ಆತುರ ಚೀನಾದವರದ್ದು ಮಾತ್ರವಲ್ಲ. ಟ್ರಾಯ್ ಅಗೆದ ಹೈನ್ರಿಕ್ ಶ್ಲೀಮನ್‌ಗೆ 1870ರ ದಶಕದಲ್ಲಿ ಮುಖವಿರುವ ಗಡಿಗೆಗಳು ಸಿಕ್ಕವು. ದುಂಡು ಕಣ್ಣು, ಕೊಕ್ಕಿನಂಥ ಮೂಗು. ಹೋಮರನ ಅಥೀನಾ ದೇವಿಗೆ ಗೂಬೆಯೊಡನೆ ನಂಟು. ಆದ್ದರಿಂದ ಇವು ಗೂಬೆಮೊಗದ ಅಥೀನಾ ಎಂದು ಅವನು ಸಾರಿದ. ಆ ಗಡಿಗೆಗಳು ಕಂಚಿನ ಯುಗದವು, ಹೋಮರನಿಗಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಹೋಮರನನ್ನು ಹುಡುಕಿಕೊಂಡು ಹೋದವನಿಗೆ ಹೋಮರನ ದೇವಿಯೇ ಸಿಕ್ಕಳು. ನೂರು ವರ್ಷದ ಮೇಲೆ ಮರಿಯಾ ಗಿಂಬೂಟಸ್ ಸರ್ಬಿಯಾದ ವಿಂಚಾ ಸಂಸ್ಕೃತಿಯ ಮುಖದ ಮುಚ್ಚಳಗಳಂಥವುಗಳಲ್ಲಿ ಪಕ್ಷಿದೇವತೆಯನ್ನು ಕಂಡರು. ಆಕೆ ಶ್ಲೀಮನ್‌ನಂತೆ ಹವ್ಯಾಸಿಯಲ್ಲ. ಬಾಲ್ಕನ್ ಪ್ರದೇಶದ ಉತ್ಖನನಗಳನ್ನು ತಾವೇ ನಡೆಸಿದವರು, ಸಾವಿರಾರು ಮಣ್ಣಿನ ಬೊಂಬೆಗಳನ್ನು ಕೈಯಲ್ಲಿ ಹಿಡಿದು ನೋಡಿದವರು. ಅವರ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಸಾವಿರಾರು ವರ್ಷ, ಹತ್ತಾರು ಸಂಸ್ಕೃತಿಗಳ ಮುಖಗಳೆಲ್ಲ ಒಂದೇ ಮಹಾದೇವಿಯ ಅವತಾರವಾಗುವಾಗ, ವಿಂಚಾದ ಹಳ್ಳಿಯವರು ತಮ್ಮದೇ ಆಗಿ ಏನನ್ನೂ ಯೋಚಿಸಿರಲಿಲ್ಲವೇ ಎಂದು ಕೇಳಬೇಕಾಗುತ್ತದೆ. ಆ ತ್ರಿಕೋನ ಮುಖಗಳ ಕಿವಿ ನೋಡಿ ಬೆಕ್ಕು ಎಂದವರೂ ಇದ್ದಾರೆ.

ನಮ್ಮ ಊರಿನ ಶ್ರಾವಣವನ್ನೇ ತೆಗೆದುಕೊಳ್ಳಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕಿ ತುಂಬಿದ ಚೊಂಬಿನ ಮೇಲೆ ತೆಂಗಿನಕಾಯಿ ಇಟ್ಟು, ಬೆಳ್ಳಿಯ ಮುಖ ಕಟ್ಟಿ, ಸೀರೆ ಉಡಿಸುತ್ತಾರೆ. ಮರುದಿನ ಕಲಶ ಕದಲಿಸಿದ ಮೇಲೆ ಅಕ್ಕಿ ಪಾಯಸಕ್ಕೆ, ಚೊಂಬು ಅಡುಗೆಮನೆಗೆ. ಅದೇ ಬೀದಿಯ ಹೊಸ ಮನೆಗೆ ದೃಷ್ಟಿ ತಾಗದಿರಲೆಂದು ಕುಂಬಳಕಾಯಿ ಮೇಲೆ ಕೋರೆಹಲ್ಲಿನ ಮುಖ. ಊರಾಚೆಯ ಹೊಲದಲ್ಲಿ ಸುಣ್ಣ ಬಳಿದ ಹಳೇ ಮಡಕೆಗೆ ಕಣ್ಣು ಬಾಯಿ ಬರೆದು, ಕೋಲಿಗೆ ಬೋರಲು ಹಾಕಿದ ಬೆರ್ಚಪ್ಪ. ಒಂದೇ ಊರು, ಒಂದೇ ತಿಂಗಳು, ಒಂದೇ ಜನ: ಒಂದು ಮುಖ ಪೂಜೆಗೆ, ಒಂದು ಕೆಟ್ಟ ಕಣ್ಣಿಗೆ, ಒಂದು ಗುಬ್ಬಿಗಳಿಗೆ. ಆರು ಸಾವಿರ ವರ್ಷದ ಮೇಲೆ ಅಗೆಯುವವರಿಗೆ ದೇವಿಯಾಗಿದ್ದ ಚೊಂಬಿನ ಮೇಲೆ ಯಾವ ಗುರುತೂ ಸಿಗದು. ಬೆರ್ಚಪ್ಪನ ತಲೆ ಮಾತ್ರ ಸಿಕ್ಕೀತು, ಗಾಜಿನ ಪೆಟ್ಟಿಗೆಯೊಳಗೆ ದೇವರಾಗಿ ಕೂತೀತು.

ಹಾಗೆಂದು, ಇದೆಲ್ಲ ಬರೀ ಅಲಂಕಾರ, ಯಾರೋ ಕುಂಬಾರಗಿತ್ತಿ ಹೊತ್ತು ಕಳೆಯಲು ಬರೆದದ್ದು ಎನ್ನುವವರ ಜೊತೆಗೂ ನಾನಿಲ್ಲ. ಬಾನ್ಪೊದಿಂದ ಹೆಚ್ಚು ದೂರವಿಲ್ಲದ ಜಿಯಾಂಗ್‌ಝಾಯ್ ನೆಲೆಯನ್ನು 1970ರ ದಶಕದಲ್ಲಿ ಅಗೆದಾಗ ಅಲ್ಲೂ ಅದೇ ದುಂಡು ಮುಖ, ಅದೇ ಮುಚ್ಚಿದ ಕಣ್ಣು, ಅದೇ ಮೀನು ಸಿಕ್ಕಿತು. ಒಬ್ಬರ ಹುಚ್ಚು ಊರಿಂದ ಊರಿಗೆ ಇಷ್ಟು ಕರಾರುವಾಕ್ಕಾಗಿ ಹರಡುವುದಿಲ್ಲ. ಆ ಚಿತ್ರಕ್ಕೆ ನೋಡಿದವರೆಲ್ಲ ಗುರುತಿಸುತ್ತಿದ್ದ ಒಂದು ಅರ್ಥವಿತ್ತು. ಆ ಅರ್ಥ ದೇವರದ್ದು, ಕುಲದ್ದು, ಕಥೆಯದ್ದು, ಹಾಡಿನದ್ದು, ಯಾವುದೂ ಆಗಿರಬಹುದು. ಅರ್ಥವಿತ್ತು ಎಂದು ಖಚಿತವಾಗಿ ಹೇಳುವುದಕ್ಕೂ ಇದೇ ಅರ್ಥ ಎಂದು ಖಚಿತವಾಗಿ ಹೇಳುವುದಕ್ಕೂ ನಡುವೆ ಇರುವ ಗೆರೆಯನ್ನು ನಾವು ಅಳಿಸಬಾರದು, ಅಷ್ಟೇ.

ಮುಖವಿಲ್ಲದೆಯೂ ವಿಧಿ ಪೂರ್ತಿಯಾಗಿ ನಡೆಯಬಲ್ಲದು ಎಂಬುದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ಕರ್ನಾಟಕದ ನವಶಿಲಾಯುಗದವರೂ ಮಕ್ಕಳನ್ನು ಗಡಿಗೆಯಲ್ಲಿಟ್ಟು ವಾಸದ ನೆಲೆಯೊಳಗೇ ಹೂಳುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ, ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಗೆದಾಗ ಇಂಥ ಗಡಿಗೆಗಳು ಸಿಕ್ಕವು. ಬಾನ್ಪೊಗೂ ಇವಕ್ಕೂ ಯಾವ ಕೊಡುಕೊಳ್ಳುವಿಕೆಯೂ ಇಲ್ಲ. ಕಾಲವೂ ಬೇರೆ, ಜನವೂ ಬೇರೆ. ಮಗು ಸತ್ತಾಗ ಮಾಡಿದ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ. ಇಲ್ಲಿನ ಗಡಿಗೆಗಳು ಒರಟು ಬೂದು ಮಣ್ಣಿನ ಸಾದಾ ಗಡಿಗೆಗಳು, ಮೇಲೆ ಕಣ್ಣಿಲ್ಲ, ಮೂಗಿಲ್ಲ, ಮೀನಿಲ್ಲ. ಅದಕ್ಕೇ ಇರಬೇಕು, ಅವುಗಳ ಬಗ್ಗೆ ಇಪ್ಪತ್ತು ಸಿದ್ಧಾಂತಗಳು ಹುಟ್ಟಲಿಲ್ಲ, ಪ್ರವಾಸಿಗರು ಅವುಗಳ ಮುಂದೆ ನಿಲ್ಲುವುದೂ ಇಲ್ಲ. ತೆಕ್ಕಲಕೋಟೆಯ ತಾಯಿಯ ವಿಧಿ ಬಾನ್ಪೊದ ತಾಯಿಯ ವಿಧಿಗಿಂತ ಎಳ್ಳಷ್ಟೂ ಕಡಿಮೆಯದಾಗಿರಲಿಲ್ಲ.

ಫಲಕ ಬರೆಯುವವರಲ್ಲಿ ಹಾಗಾಗಿ ಒಂದು ವಿನಂತಿ. ಪಾತ್ರೆ ಎಲ್ಲಿ ಸಿಕ್ಕಿತು, ಹೇಗೆ ಬಿದ್ದಿತ್ತು, ಒಳಗೆ ಏನಿತ್ತು, ಜೊತೆಗೆ ಏನಿತ್ತು ಎಂಬುದನ್ನು ಮೊದಲು, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಉತ್ಖನನವಿಲ್ಲದೆ ಬಂದದ್ದಾದರೆ ಅದನ್ನೂ ಮುಚ್ಚಿಡದೆ ಹೇಳಿ. ದೇವತೆ, ಮಂತ್ರವಾದಿ, ಆತ್ಮದ ಬಾಗಿಲು ಎಲ್ಲವೂ ಅದರ ಕೆಳಗೆ, ಯಾರ ಊಹೆ ಎಂಬ ಹೆಸರಿನೊಂದಿಗೆ ಬರಲಿ. ಪಕ್ಕದ ಬೋಳು ಗಡಿಗೆಗೂ ಅಷ್ಟೇ ಜಾಗ ಕೊಡಿ.